ನಮ್ಮ ಬೀದಿಯ ಚೇಂಬರ್ ಮಳೆಗಾಲದಲ್ಲೇ ಯಾಕೆ ಉಕ್ಕುತ್ತದೆ

ಜುಲೈ ಬಂತೆಂದರೆ ಶಿವಮೊಗ್ಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಮಂಟಪ ಮುಳುಗಿತಾ? ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ನಿಂತಿರುವ ಕಲ್ಲಿನ ಮಂಟಪ ಮುಳುಗಿದರೆ ತುಂಗೆ ತುಂಬಿದಳು ಎಂದೇ ಲೆಕ್ಕ. ಗಾಜನೂರು ಅಣೆಕಟ್ಟಿನಲ್ಲಿ ಗೇಟು ಎತ್ತಿದರಂತೆ ಎಂದು ಸುದ್ದಿ ಬಂದ ಸಂಜೆ ಸೇತುವೆ ಮೇಲೆ ಜನ ಛತ್ರಿ ಹಿಡಿದು ಸಾಲಾಗಿ ನಿಂತಿರುತ್ತಾರೆ. ಮಕ್ಕಳನ್ನು ಎತ್ತಿಕೊಂಡು ತೋರಿಸುತ್ತಾರೆ. ಕೆಂಪು ನೀರು ಸುಳಿ ಸುತ್ತುತ್ತಾ ಹೋಗುವುದನ್ನು ಎಷ್ಟು ಹೊತ್ತು ನೋಡಿದರೂ ಸಾಕೆನಿಸುವುದಿಲ್ಲ. ಆದರೆ ಕೆಲವು ವರ್ಷಗಳಿಂದ ನನ್ನ ತಲೆ ಕೊರೆಯುತ್ತಿರುವುದು ಬೇರೆ ನೀರು. ಅದೇ ವಾರ, ಅದೇ ಮಳೆಗೆ, ನಮ್ಮ ಬೀದಿಯ ಕೊನೆಯಲ್ಲಿರುವ ಯುಜಿಡಿ, ಅಂದರೆ ಮನೆಗಳ ಕೊಳಚೆ ಒಯ್ಯುವ ಒಳಚರಂಡಿಯ, ಚೇಂಬರ್ ಉಕ್ಕುತ್ತದೆ.

ಮೊದಲು ಮುಚ್ಚಳದ ಕೊಂಡಿಯ ತೂತಿನಿಂದ ಗುಳುಗುಳು ಎಂದು ನೀರು ಏಳುತ್ತದೆ. ಇನ್ನೊಂದು ಗಂಟೆ ಮಳೆ ಹಿಡಿದರೆ ಅಷ್ಟು ಭಾರದ ಕಾಂಕ್ರೀಟ್ ಮುಚ್ಚಳವೇ ಒಂದು ಕಡೆಗೆ ಏಳುತ್ತದೆ. ಸೋಪಿನ ನೊರೆ, ಅನ್ನದ ಅಗುಳು, ಹೇಳಬಾರದ್ದೆಲ್ಲ ರಸ್ತೆ ಮೇಲೆ ಹರಿದು ಪಕ್ಕದ ಚರಂಡಿಗೆ ಬೀಳುತ್ತದೆ. ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಹೊಳೆಗೆ. ಶಾಲೆ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಅದರಲ್ಲೇ ದಾಟುತ್ತಾರೆ. ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು: ಊರು ಬೆಳೀತು, ಪೈಪು ಸಣ್ಣದಾಯ್ತು. ನಾನೂ ಅದನ್ನೇ ನಂಬಿಕೊಂಡು ಇರಬಹುದಿತ್ತು. ಆದರೆ ಒಂದು ವಿಷಯ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಪೈಪು ಸಣ್ಣದಾಗಿದ್ದರೆ ಏಪ್ರಿಲ್‌ನಲ್ಲೂ ಉಕ್ಕಬೇಕಲ್ವಾ? ಬೇಸಿಗೆಯಲ್ಲಿ ಜನ ಎರಡೆರಡು ಸಲ ಸ್ನಾನ ಮಾಡುತ್ತಾರೆ, ರಜೆಗೆ ಬಂದ ನೆಂಟರು ಇರುತ್ತಾರೆ. ಆಗ ಆ ಚೇಂಬರ್ ಸದ್ದಿಲ್ಲದೆ ಇರುತ್ತದೆ.

ಉತ್ತರ ಹೇಳಿದ್ದು ಒತ್ತಡದ ನೀರಿನಿಂದ ಪೈಪು ಬಿಡಿಸುವ ಜೆಟ್ಟಿಂಗ್ ಗಾಡಿಯ ಜೊತೆ ಬಂದಿದ್ದ ಒಬ್ಬ ಹಿರಿಯ ಕೆಲಸಗಾರ. ಮಳೆ ಸ್ವಲ್ಪ ಹೊಳವಾಗಿತ್ತು. ಅವರು ಕಬ್ಬಿಣದ ಕೊಕ್ಕೆ ಹಾಕಿ ಮುಚ್ಚಳ ಸರಿಸಿ, ಉದ್ದನೆ ಬಿದಿರಿನ ಗಳ ಇಳಿಸಿ ತಳ ಮುಟ್ಟಿಸಿ ಮೇಲೆಳೆದರು. ಗಳದ ತುದಿಗೆ ಒಂದು ಮೊಳ ಎತ್ತರಕ್ಕೆ ಕೆಂಪು ಮರಳು ಮೆತ್ತಿಕೊಂಡಿತ್ತು. "ನೋಡಿ ಮೇಡಂ, ಇದು ಬರೀ ಕಕ್ಕಸಿನ ನೀರಲ್ಲ. ಮನೆ ನೀರಲ್ಲಿ ಮರಳು ಎಲ್ಲಿಂದ ಬರ್ಬೇಕು? ಮೇಲಿನ ಮನೆಗಳೋರು ತಾರಸಿ ನೀರು, ಅಂಗಳದ ನೀರು ಎಲ್ಲಾ ಇದಕ್ಕೇ ಬಿಟ್ಟಿದಾರೆ" ಎಂದರು. ಆಮೇಲೆ ಪೈಪ್ ಇಳಿಸಿ ನೀರಿನ ಒತ್ತಡ ಕೊಟ್ಟರು. ಸ್ವಲ್ಪ ಹೊತ್ತಿಗೆ ಸೆಳೆದುಕೊಂಡು ಇಳಿಯಿತು. ಸಂಜೆ ಮತ್ತೆ ಮಳೆ ಬಂತು, ಮತ್ತೆ ಉಕ್ಕಿತು.

ಒಂದು ತಾರಸಿಯ ಲೆಕ್ಕ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೂವತ್ತು–ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ತಾರಸಿ ಸುಮಾರು 1,000 ಚದರಡಿ ಎಂದುಕೊಳ್ಳೋಣ. ಅಂದರೆ 93 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಿವಮೊಗ್ಗ ಪೇಟೆಯಲ್ಲಿ ಒಂದು ಒಳ್ಳೆಯ ಮಳೆಗೆ 50 ಮಿಲಿಮೀಟರ್ ಬಿತ್ತು ಎಂದರೆ ಆ ಒಂದೇ ತಾರಸಿಯಿಂದ 4,650 ಲೀಟರ್ ಇಳಿಯುತ್ತದೆ. ಈಗ ಇನ್ನೊಂದು ಕಡೆ ನೋಡಿ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎನ್ನುವುದು ನಮ್ಮ ದೇಶದ ಲೆಕ್ಕ. ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ವಾಪಸ್ ಬರುತ್ತದೆ ಎಂದು ಹಿಡಿಯುತ್ತಾರೆ. ಐದು ಜನರ ಮನೆಯಿಂದ ದಿನವಿಡೀ ಹೋಗುವ ಕೊಳಚೆ 540 ಲೀಟರ್. ಅಲ್ಲಿಗೆ ಒಂದು ತಾರಸಿಯ ಮಳೆ ನೀರು ಎಂಟು–ಒಂಬತ್ತು ಮನೆಗಳ ಇಡೀ ದಿನದ ಕೊಳಚೆಗೆ ಸಮ. ಅದೂ ದಿನವಿಡೀ ನಿಧಾನಕ್ಕೆ ಬರುವುದಿಲ್ಲ, ಒಂದೆರಡು ಗಂಟೆಯಲ್ಲಿ ಧೋ ಎಂದು ಬರುತ್ತದೆ.

ಯುಜಿಡಿ ಪೈಪು ಹಾಕುವಾಗ ಬೆಳಗಿನ ಹೊತ್ತಿನ ಭರಾಟೆಗೆಂದು ಸರಾಸರಿಯ ಎರಡು–ಮೂರು ಪಟ್ಟು ಜಾಗ ಇಟ್ಟಿರುತ್ತಾರೆ. ಬೀದಿಯಲ್ಲಿ ನಾಲ್ಕೈದು ಮನೆಯವರು ತಾರಸಿ ಪೈಪು ಇದಕ್ಕೆ ಜೋಡಿಸಿದರೆ ಆ ಜಾಗವೆಲ್ಲ ಮುಗಿದುಹೋಗುತ್ತದೆ. ಮಳೆ ನೀರಿನ ಜೊತೆ ಅಂಗಳದ ಮರಳು, ತೆಂಗಿನ ಸೋಗೆಯ ಚೂರು, ಎಲೆ ಎಲ್ಲ ಬರುತ್ತದೆ. ಮಳೆ ನಿಂತ ಮೇಲೆ ಹರಿವು ಇಳಿಯುತ್ತದೆ, ಮರಳು ತಳದಲ್ಲೇ ಕೂರುತ್ತದೆ. ಮುಂದಿನ ಮಳೆಗೆ ಪೈಪಿನ ಅರ್ಧ ಜಾಗ ಮರಳಿಗೇ ಹೋಗಿರುತ್ತದೆ.

ಇಷ್ಟು ತಿಳಿದ ಮೇಲೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಪಕ್ಕದ ರಸ್ತೆಯ ಹಿರಿಯರೊಬ್ಬರ ಹತ್ತಿರ ಮಾತಾಡಿದಾಗ ಸಿಟ್ಟು ಬೇರೆ ಕಡೆ ತಿರುಗಿತು. ಅವರು ನನ್ನನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಹೇಳಿದರು. "ನಾವು ಮನೆ ಕಟ್ಟಿದಾಗ ರಸ್ತೆಯಿಂದ ಅಂಗಳಕ್ಕೆ ಮೂರು ಮೆಟ್ಟಿಲು ಹತ್ತಬೇಕಿತ್ತಮ್ಮ. ಈಗ ಒಂದು ಮೆಟ್ಟಿಲು ಇಳೀಬೇಕು." ನಿಜ. ಮೊದಲು ಜಲ್ಲಿ ರಸ್ತೆ. ಅದರ ಮೇಲೆ ಡಾಂಬರು. ಅದು ಕಿತ್ತುಹೋದಾಗ ಅದರ ಮೇಲೇ ಇನ್ನೊಂದು ಪದರ ಡಾಂಬರು. ಆಮೇಲೆ ಕಾಂಕ್ರೀಟ್. ಹಳೆಯದನ್ನು ಕೆರೆದು ತೆಗೆಯದೆ ಪ್ರತಿ ಸಲ ಮೇಲೆ ಹಾಕುತ್ತಾ ಹೋದರು. ರಸ್ತೆ ಏರಿತು, ಜೊತೆಗೆ ಚರಂಡಿಯ ಅಂಚೂ ಏರಿತು. ಅಂಗಳ ಮಾತ್ರ ಇದ್ದಲ್ಲೇ ಉಳಿಯಿತು. ಈಗ ಮಳೆ ಬಂದರೆ ಅಂಗಳದ ನೀರು ಚರಂಡಿಗೆ ಹತ್ತುವುದಿಲ್ಲ. ಜಗಲಿವರೆಗೂ ಬರುತ್ತದೆ. ಅಂಗಳದಲ್ಲಿ ಇರುವ ತಗ್ಗಿನ ಜಾಗ ಒಂದೇ, ಮನೆಯ ಯುಜಿಡಿ ಚೇಂಬರ್. ಮುಚ್ಚಳ ಸ್ವಲ್ಪ ಸರಿಸಿದರೆ ನೀರು ಇಳಿದುಹೋಗುತ್ತದೆ. ವಯಸ್ಸಾದ ದಂಪತಿ ರಾತ್ರಿ ಹನ್ನೊಂದಕ್ಕೆ ಮನೆಯೊಳಗೆ ನೀರು ನುಗ್ಗುವುದನ್ನು ನೋಡುತ್ತಾ ಕೂರಬೇಕೇ? ನಾನು ಅವರಿಗೆ ಏನೂ ಹೇಳಲಿಲ್ಲ.

ಹಾಗಾಗಿ ನಮ್ಮೂರಿನ ಕೊಳಚೆ ನೀರಿನ ಸಮಸ್ಯೆಯಲ್ಲಿ ದೊಡ್ಡ ಪಾಲು ಮಳೆ ನೀರಿನದು, ಮಳೆ ನೀರಿನ ಸಮಸ್ಯೆಯಲ್ಲಿ ದೊಡ್ಡ ಪಾಲು ರಸ್ತೆ ಮಟ್ಟದ್ದು. ಮೂರೂ ಕೆಲಸ ಬೇರೆ ಬೇರೆ ಫೈಲಿನಲ್ಲಿ, ಬೇರೆ ಬೇರೆ ಗುತ್ತಿಗೆದಾರರ ಕೈಯಲ್ಲಿ ಇವೆ. ರಸ್ತೆ ಮಾಡಿಸುವವರಿಗೆ ಚೇಂಬರಿನ ಚಿಂತೆ ಇಲ್ಲ. ಯುಜಿಡಿ ನೋಡಿಕೊಳ್ಳುವವರಿಗೆ ರಸ್ತೆ ಮೇಲೆ ಅಧಿಕಾರ ಇಲ್ಲ.

ದಬ್ಬೆ ನೀರು

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಗೆ ಗುಡ್ಡದ ಮೇಲಿಂದ ದಬ್ಬೆಯಲ್ಲಿ ನೀರು ಬರುತ್ತಿತ್ತು. ಅಡಿಕೆ ಮರ ಸೀಳಿ ಒಳಗಿನ ತಿರುಳು ತೆಗೆದು ಒಂದರ ಬಾಯಿಗೆ ಒಂದು ಜೋಡಿಸಿದ ಸಾಲು. ಬಚ್ಚಲಿನ ಹೊರಗಿದ್ದ ಕಲ್ಲಿನ ತೊಟ್ಟಿಗೆ ಹಗಲೂ ರಾತ್ರಿಯೂ ಬೀಳುತ್ತಿತ್ತು. ನೀರು ಸಣ್ಣಗಾದರೆ ಯಾರಾದರೂ ಗುಡ್ಡ ಹತ್ತಿ ಎಲೆ ತೆಗೆದು ಬರುತ್ತಿದ್ದರು. ಬಚ್ಚಲಿನ ನೀರು ಬಾಳೆ ಬುಡಕ್ಕೆ, ಕೆಸುವಿನ ಪಾತಿಗೆ ಹೋಗುತ್ತಿತ್ತು. ಉಳಿದದ್ದು ತೋಟಕ್ಕೆ.

ನನಗೆ ಈಗ ಜಾಸ್ತಿ ನೆನಪಾಗುವುದು ಅಜ್ಜ ಮೇ ತಿಂಗಳ ಕೊನೆಗೆ ಮಾಡುತ್ತಿದ್ದ ಕೆಲಸ. ಮನೆ ಹಿಂದಿನ ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಬುಡದಲ್ಲಿ ಒಂದು ಅಗಳು (ಉದ್ದನೆಯ ಕಾಲುವೆ) ಇತ್ತು. ಮಳೆ ಹಿಡಿಯುವ ಮುಂಚೆ ಗುದ್ದಲಿ ತೆಗೆದುಕೊಂಡು ಆ ಅಗಳಿನ ಹೂಳನ್ನು ಪೂರ್ತಿ ತೆಗೆಯುತ್ತಿದ್ದರು. ಆ ವಯಸ್ಸಿನಲ್ಲಿ ಯಾಕೆ ಇಷ್ಟು ಕಷ್ಟ ಪಡುತ್ತಾರೆ ಎಂದು ಅಮ್ಮ ಗೊಣಗುತ್ತಿದ್ದಳು. ಧರೆಯಿಂದ ಇಳಿಯುವ ಮಳೆ ನೀರು ಬಚ್ಚಲಿನ ಕಡೆ, ಕಕ್ಕಸು ಗುಂಡಿಯ ಕಡೆ ತಿರುಗಬಾರದು. ತಿರುಗಿದರೆ ಗುಂಡಿ ಉಕ್ಕಿ ಕೆಳಗಿನ ಬಾವಿಗೆ ಸೇರುತ್ತದೆ. ಮಳೆ ನೀರಿನ ದಾರಿ ಬೇರೆ, ಬಚ್ಚಲ ನೀರಿನ ದಾರಿ ಬೇರೆ ಇರಬೇಕು ಎನ್ನುವುದು ಮಲೆನಾಡಿನ ಮನೆಗಳಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ವಿಷಯ. ಆ ವ್ಯವಸ್ಥೆಯನ್ನು ಪೇಟೆಗೆ ತರಲು ಆಗುವುದಿಲ್ಲ, ನನಗೂ ಗೊತ್ತು. 2011ರ ಜನಗಣತಿಯಲ್ಲೇ ಶಿವಮೊಗ್ಗದ ಜನ 3.22 ಲಕ್ಷ. ಇಷ್ಟು ಜನರ ಬಚ್ಚಲಿಗೆ ಬಾಳೆ ಬುಡ ಎಲ್ಲಿ ಸಿಗಬೇಕು? ಆದರೆ ಆ ಒಂದು ನಿಯಮಕ್ಕೆ ಜಾಗ ಬೇಕಿಲ್ಲ, ಗಮನ ಸಾಕು.

ಆರು ಗಾಜಿನ ಜಾಡಿಗಳು

ಒಂದು ಆಗಸ್ಟ್‌ನಲ್ಲಿ ಮಕ್ಕಳನ್ನು ನೀರು ಶುದ್ಧೀಕರಣ ಘಟಕಕ್ಕೆ ಕರೆದುಕೊಂಡು ಹೋಗಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಎಂದು ಪಾಠದಲ್ಲಿ ಓದುತ್ತೇವೆ. ಆ ಕಡೆಯ ಮಳೆ ಮಾಲತಿ ಹೊಳೆ, ತುಂಗೆಯ ಜೊತೆ ಇಳಿದು ಬರುವಾಗ ಎಷ್ಟು ಮಣ್ಣು ತರುತ್ತದೆ ಎನ್ನುವುದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಹೊಳೆಯಿಂದ ಎತ್ತಿದ ನೀರು ಹಾಲು ಕಮ್ಮಿ ಹಾಕಿದ ಟೀ ಬಣ್ಣದಲ್ಲಿತ್ತು.

ಲ್ಯಾಬಿನಲ್ಲಿ ಒಬ್ಬರು ಆರು ಗಾಜಿನ ಜಾಡಿಗಳಿಗೆ ಅದೇ ನೀರು ತುಂಬಿ ಯಂತ್ರದ ಕೆಳಗೆ ಸಾಲಾಗಿ ಇಟ್ಟರು. ಒಂದೊಂದಕ್ಕೂ ಒಂದೊಂದು ಅಳತೆಯ ಆಲಂ (ಪಟಿಕ) ದ್ರಾವಣ. ಮೊದಲು ರೆಕ್ಕೆಗಳು ಜೋರಾಗಿ ತಿರುಗಿದವು, ಆಮೇಲೆ ನಿಧಾನಕ್ಕೆ. ಮೂರನೇ ಜಾಡಿಯಲ್ಲಿ ಮೊದಲು ಸಣ್ಣ ಸಣ್ಣ ಚುಕ್ಕೆಗಳು ಕಂಡವು. ಚುಕ್ಕೆಗಳು ಒಂದಕ್ಕೊಂದು ಅಂಟಿ ಹತ್ತಿಯ ತುಣುಕಿನಷ್ಟಾದವು. ಯಂತ್ರ ನಿಲ್ಲಿಸಿದ ಮೇಲೆ ಮೆಲ್ಲಗೆ ಕೆಳಗೆ ಕೂತವು. ಮೇಲಿನ ನೀರು ತಿಳಿಯಾಯಿತು. ಒಂದನೇ ಜಾಡಿ ಇನ್ನೂ ಕೆಂಪಾಗೇ ಇತ್ತು. ಐದು, ಆರರಲ್ಲಿ ಆಲಂ ಜಾಸ್ತಿಯಾಗಿತ್ತು, ಆದರೂ ಮೂರು–ನಾಲ್ಕಕ್ಕಿಂತ ಚೆನ್ನಾಗಿ ತಿಳಿಯಾಗಲಿಲ್ಲ. ಯಾವ ಜಾಡಿ ಚೆನ್ನಾಗಿ ತಿಳಿಯಾಯಿತೋ ಆ ಅಳತೆಯನ್ನೇ ದೊಡ್ಡ ತೊಟ್ಟಿಗೆ ಹಾಕುತ್ತಾರೆ. ಬೇಸಿಗೆಯಲ್ಲಿ ಇದನ್ನು ಪದೇ ಪದೇ ನೋಡಬೇಕಾಗಿಲ್ಲ. ಮಳೆಗಾಲದಲ್ಲಿ ಹೊಳೆಯ ಬಣ್ಣ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮರಳಿನ ಫಿಲ್ಟರುಗಳೂ ಬೇಗ ಕಟ್ಟಿಕೊಳ್ಳುತ್ತವೆ, ನೀರನ್ನು ಹಿಂದಕ್ಕೆ ತಳ್ಳಿ ತೊಳೆಯುತ್ತಲೇ ಇರಬೇಕು. ಕೊನೆಗೆ ಕ್ಲೋರಿನ್. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುವುದು ನಿಯಮ. ದಾರಿಯಲ್ಲಿ ಏನಾದರೂ ಸೇರಿಕೊಂಡರೆ ಅದನ್ನು ಕೊಲ್ಲಲು.

ದಾರಿಯಲ್ಲಿ ಸೇರುವುದು ಯಾಕೆ? ನಮ್ಮ ಹಳೆಯ ಬೀದಿಗಳಲ್ಲಿ ಮನೆಗೆ ಬರುವ ನಲ್ಲಿ ಪೈಪನ್ನು ನೋಡಿ. ಎಷ್ಟೋ ಕಡೆ ಚರಂಡಿಯ ಒಳಗೇ ಅಡ್ಡ ಹಾದು ಬಂದಿರುತ್ತದೆ. ನೀರು ಬಿಟ್ಟಿರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ತೂತಿದ್ದರೆ ನೀರು ಹೊರಗೆ ಸೋರುತ್ತದೆ ಅಷ್ಟೆ. ನೀರು ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗುತ್ತದೆ. ಆಗ ಅದೇ ತೂತಿನಿಂದ ಚರಂಡಿ ನೀರು ಒಳಗೆ ಬರುತ್ತದೆ. ಮಾರನೇ ಸಲ ನೀರು ಬಿಟ್ಟಾಗ ಮೊದಲು ಮನೆಯ ಸಂಪ್ ತೊಟ್ಟಿಗೆ ಬೀಳುವುದು ಆ ನೀರು. ದಿನದ 24 ಗಂಟೆ ನೀರು ಬೇಕು ಎನ್ನುವುದರ ಹಿಂದಿನ ದೊಡ್ಡ ಕಾರಣ ಇದು, ಬರೀ ಅನುಕೂಲದ ಮಾತಲ್ಲ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ 2008ರ ಹೊತ್ತಿಗೇ ಅದನ್ನು ಮಾಡಿ ತೋರಿಸಿದ್ದಾರೆ. ನಮ್ಮೂರಲ್ಲೂ ಆ ಕೆಲಸ ನಡೆದಿದೆ. ಆದರೆ ಚೇಂಬರ್ ಉಕ್ಕಿ ಚರಂಡಿ ತುಂಬಿರುವ ದಿನ, ಆ ಚರಂಡಿಯಲ್ಲಿ ಮುಳುಗಿರುವ ನಲ್ಲಿ ಪೈಪಿನಲ್ಲಿ ಸಣ್ಣ ಬಿರುಕು ಇದ್ದರೆ, ಲ್ಯಾಬಿನಲ್ಲಿ ಅಷ್ಟು ಶ್ರದ್ಧೆಯಿಂದ ತಿಳಿ ಮಾಡಿದ ನೀರಿನ ಗತಿ ಏನು?

ಅದೇ ಮಳೆ ಊರಿನ ಇನ್ನೊಂದು ತುದಿಯಲ್ಲೂ ಕಷ್ಟ ಕೊಡುತ್ತದೆ. ಕೊಳಚೆ ನೀರು ಇಳಿಜಾರಿನಲ್ಲಿ ಹರಿದು ತಗ್ಗಿನ ವೆಟ್‌ವೆಲ್‌ಗೆ, ಅಂದರೆ ಕೊಳಚೆ ಸೇರುವ ಆಳದ ಬಾವಿಗೆ, ಬರುತ್ತದೆ. ಅಲ್ಲಿಂದ ಪಂಪು ಎತ್ತಿ ಕೊಳಚೆ ಶುದ್ಧೀಕರಣ ಘಟಕವಾದ ಎಸ್‌ಟಿಪಿಗೆ ಕಳಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋಗುವುದೂ ಜಾಸ್ತಿ, ನೀರು ಬರುವುದೂ ಜಾಸ್ತಿ. ಎಸ್‌ಟಿಪಿಯಲ್ಲಿ ಕೊಳಚೆ ತಿನ್ನುವುದು ಬ್ಯಾಕ್ಟೀರಿಯಾ. ಅವಕ್ಕೆ ಊಟವೂ ಸಮಯವೂ ಬೇಕು. ತೆಳ್ಳನೆಯ ನೀರು ಒಂದೇ ಸಲ ನುಗ್ಗಿದರೆ ತೊಟ್ಟಿಯಲ್ಲಿ ಸಾಕಿಕೊಂಡ ಆ ಜೀವಿಗಳೇ ಕೊಚ್ಚಿಕೊಂಡು ಹೋಗುತ್ತವೆ. ಮತ್ತೆ ಬೆಳೆಯಲು ದಿನಗಳು ಬೇಕು.

ಕೂಡಲಿಯಿಂದ ಆಚೆ

ಶಿವಮೊಗ್ಗ ದಾಟಿದ ತುಂಗೆ ಸ್ವಲ್ಪ ದೂರದಲ್ಲೇ ಕೂಡಲಿಯಲ್ಲಿ ಭದ್ರೆಯ ಜೊತೆ ಸೇರುತ್ತಾಳೆ. ಸಂಗಮದಲ್ಲಿ ಜನ ಸ್ನಾನ ಮಾಡುತ್ತಾರೆ. ಅಲ್ಲಿಂದ ಮುಂದೆ ತುಂಗಭದ್ರೆ. ಹೊನ್ನಾಳಿ, ಹರಿಹರದವರು ಕುಡಿಯುವುದು ಆ ನೀರು. ದಾವಣಗೆರೆಗೂ ಹರಿಹರದ ಹತ್ತಿರದ ರಾಜನಹಳ್ಳಿಯಿಂದ ಅದೇ ಹೊಳೆಯ ನೀರು ಹೋಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಕಲುಷಿತ ನದಿಗಳ ಪಟ್ಟಿಯಲ್ಲಿ ಕರ್ನಾಟಕದ 17 ನದಿಗಳ ಹೆಸರಿತ್ತು. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಅದರಲ್ಲಿ ಇದ್ದವು. ತುಂಗಾ ಪಾನ, ಗಂಗಾ ಸ್ನಾನ ಎಂದು ಹೇಳಿಕೊಂಡು ಬೆಳೆದ ನನಗೆ ಆ ಪಟ್ಟಿ ಓದಿ ಹೊಟ್ಟೆ ಕಿವುಚಿದಂತಾಯಿತು.

ಹೊನ್ನಾಳಿಯಲ್ಲಿ ನನ್ನ ಅತ್ತಿಗೆ ಇದ್ದಾರೆ. ಮಳೆಗಾಲದಲ್ಲಿ ಅವರ ಮನೆಗೆ ಹೋದರೆ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಲೇ ಇರುತ್ತದೆ. "ಮೇಲಿಂದ ಏನೇನು ಬರತ್ತೋ ಯಾರಿಗೆ ಗೊತ್ತು" ಎನ್ನುತ್ತಾರೆ. ಮೇಲೆ ಅಂದರೆ ನಾವು. ಅವರು ನನ್ನನ್ನು ಉದ್ದೇಶಿಸಿ ಹೇಳಿದ್ದಲ್ಲ, ಸುಮ್ನೆ ಆಡಿದ ಮಾತು. ಆದರೂ ಆ ಮಾತು ನನಗೆ ನಾಟಿತು.

2019ರ ಜುಲೈನಲ್ಲಿ ಲಿಂಗನಮಕ್ಕಿಯಿಂದ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಇಡೀ ಜಿಲ್ಲೆ ಬಂದ್ ಆಯಿತು. ಆ ಹೋರಾಟ ಸರಿಯಾದದ್ದು, ಇವತ್ತೂ ಅದರ ಪರವಾಗಿದ್ದೇನೆ. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಪಾದಯಾತ್ರೆ ಹೊರಟಾಗಲೂ ಮನಸ್ಸಿಗೆ ಸಮಾಧಾನವಾಯಿತು. ನೀರಿಗಾಗಿ ನಡೆಯುವ ಜನ ಇನ್ನೂ ಇದ್ದಾರೆ. ಆ ಕಾಳಜಿ ನಮ್ಮ ಅಂಗಳದ ಚೇಂಬರಿನವರೆಗೂ ಬರಬೇಕು ಎನ್ನುವುದು ನನ್ನ ಆಸೆ. ಯಾಕೆಂದರೆ ಅದನ್ನು ಬಂದ್ ಮಾಡಿ ಪಡೆಯಲು ಆಗುವುದಿಲ್ಲ, ಮನೆಮನೆಯಲ್ಲೂ ಪೈಪು ಬದಲಿಸಬೇಕು.

ಇನ್ನೂ ಒಂದು ಕಾರಣಕ್ಕೆ ಬದಲಿಸಬೇಕು. ಪೈಪಿನಲ್ಲಿ ಮರಳು ಗಟ್ಟಿಯಾಗಿ ಕೂತು ಜೆಟ್ಟಿಂಗ್‌ಗೂ ಬಗ್ಗದಿದ್ದರೆ ಕೊನೆಗೆ ಯಾರೋ ಒಬ್ಬರನ್ನು ಒಳಗೆ ಇಳಿಸುವ ಮಾತು ಬರುತ್ತದೆ. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ರಾಜ್ಯ ಇದು. ಮಲ ಹೊರುವ ಕೆಲಸವನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಒಬ್ಬರನ್ನು ಮ್ಯಾನ್‌ಹೋಲಿಗೆ ಇಳಿಸುವುದು ಅಪರಾಧ. ಇಳಿದು ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಏರಿಸಬೇಕಾಯಿತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ಅಂಗಳದ ಮರಳನ್ನು ಚೇಂಬರಿಗೆ ಬಿಡುವಾಗ ನಾವು ಯಾರ ಜೀವವನ್ನು ಆ ಗುಂಡಿಯ ಬಾಯಿಗೆ ತಂದು ನಿಲ್ಲಿಸುತ್ತಿದ್ದೇವೆ ಎಂದು ಯೋಚಿಸಬೇಕು.

ಈ ಮೇ ತಿಂಗಳು

ನಮ್ಮ ಬೀದಿಯವರು ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಸೇರಿದೆವು. ಯಾರ ಮನೆಯ ತಾರಸಿ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಪರಸ್ಪರ ನೋಡಿಕೊಂಡೆವು. ಕಂಡುಹಿಡಿಯುವುದು ಸುಲಭ. ತಾರಸಿ ಮೇಲೆ ಒಂದು ಕೊಡ ನೀರು ಸುರಿದು, ಕೆಳಗೆ ಚೇಂಬರ್ ತೆಗೆದು ದೂರದಿಂದ ನೋಡಿದರೆ ಸಾಕು. ಕೆಲವು ಮನೆಯವರು ಪ್ಲಂಬರ್ ಕರೆಸಿ ಪೈಪು ತಿರುಗಿಸಿ ಚರಂಡಿಗೆ ಬಿಟ್ಟರು. ಒಂದಿಬ್ಬರು ಡ್ರಮ್ಮು ಇಟ್ಟು ಹಿಡಿದುಕೊಳ್ಳುತ್ತೇವೆ ಎಂದರು. ತಗ್ಗಿನ ಅಂಗಳ ಇದ್ದವರದ್ದೇ ತೊಂದರೆ. ತಾರಸಿ ನೀರನ್ನು ಮೇಲಿನಿಂದಲೇ ಪೈಪಿನಲ್ಲಿ ತಂದರೆ ಚರಂಡಿಗೆ ಸೇರಿಸಬಹುದು, ಆದರೆ ಅಂಗಳಕ್ಕೆ ನೇರ ಬಿದ್ದ ಮಳೆಯನ್ನು ಏನು ಮಾಡುವುದು? ಒಬ್ಬರು ಮೂಲೆಯಲ್ಲಿ ಜಲ್ಲಿ ತುಂಬಿದ ಇಂಗುಗುಂಡಿ ತೆಗೆಸಿದ್ದಾರೆ. ಜುಲೈನ ಮಳೆಗೆ ನೆಲ ನೆನೆದು ಕುಡಿಯುವುದನ್ನು ನಿಲ್ಲಿಸಿದ ಮೇಲೆ ಅದು ಎಷ್ಟು ತಡೆಯುತ್ತದೋ ನೋಡಬೇಕು. ಆ ಹಿರಿಯರ ಅಂಗಳವನ್ನು ಮಣ್ಣು ತುಂಬಿಸಿ ಎತ್ತರಿಸಲು ಅವರ ಮಗ ಒಪ್ಪಿದ್ದಾರೆ.

ಮೇಲಿನ ಕ್ರಾಸಿಗೆ ಈ ವರ್ಷ ಕಾಂಕ್ರೀಟ್ ರಸ್ತೆ ಬರುತ್ತಿದೆ. ಅಲ್ಲಿಯ ಮನೆಗಳು ಇನ್ನೂ ರಸ್ತೆಗಿಂತ ಮೇಲೇ ಇವೆ. ಹಳೆಯ ಡಾಂಬರು ಕೆರೆದು ತೆಗೆದು ಈಗಿರುವ ಮಟ್ಟದಲ್ಲೇ ಕಾಂಕ್ರೀಟ್ ಹಾಕಬೇಕು, ಆ ಮಟ್ಟವನ್ನು ಅಂದಾಜು ಪಟ್ಟಿಯಲ್ಲೇ ಬರೆಯಬೇಕು ಎಂದು ಅರ್ಜಿ ತಯಾರು ಮಾಡಿದ್ದೇವೆ. ಆ ಕ್ರಾಸಿನವರ ಸಹಿ ಹಾಕಿಸುವ ಕೆಲಸ ನಡೆಯುತ್ತಿದೆ.